ಎರಡನೇ ಸೀಸನ್ ಹಾರಿಸಿದವರು

2012ರಲ್ಲಿ ನಾನಿದ್ದ ಪೀಜಿಯಲ್ಲಿ ಒಂದು ಹಾರ್ಡ್ ಡಿಸ್ಕ್ ರೂಮಿಂದ ರೂಮಿಗೆ ಓಡಾಡ್ತಿತ್ತು. ಅದರಲ್ಲಿ 'ದಿ ವೈರ್' ಅನ್ನೋ ಅಮೆರಿಕನ್ ಕ್ರೈಂ ಸೀರಿಯಲ್ಲಿನ ಐದೂ ಸೀಸನ್ ಇದ್ದವು. ಕೊಡುವಾಗ ರೂಮ್‌ಮೇಟ್ ಒಂದು ಮಾತು ಹೇಳಿದ: "ಎರಡನೇ ಸೀಸನ್ ಬೋರು ಮಗಾ, ಹಾರಿಸಿಬಿಡು. ಕಥೆ ಏನೂ ಮಿಸ್ ಆಗಲ್ಲ." ನಾನು ಹಾರಿಸಿದೆ. ಒಂದರಿಂದ ಸೀದಾ ಮೂರಕ್ಕೆ.

ಇದು ನಮ್ಮ ಪೀಜಿಯವರು ಕಂಡುಹಿಡಿದ ಸಲಹೆ ಅಲ್ಲ. 2003ರಿಂದಲೂ ಈ ಸೀರಿಯಲ್ ನೋಡಿದವರು ನಾಲ್ಕು ಜನ ಸೇರಿದರೆ ಆ ಜಗಳ ಶುರು: ಎರಡನೇ ಸೀಸನ್ ದಾರಿ ತಪ್ಪಿದ್ದೋ, ಅಥವಾ ದಾರಿ ಹಿಡಿದಿದ್ದೇ ಅಲ್ಲಿಂದಲೋ? ಈ ಜಗಳಕ್ಕೂ ಒಂದು ಇತಿಹಾಸ ಇದೆ. ಅದು ಟೀವಿಯ ಇತಿಹಾಸಕ್ಕಿಂತ ಹೆಚ್ಚಾಗಿ ಕೆಲಸದ ಇತಿಹಾಸ.

ನೋಡದವರಿಗೆ ಎರಡು ಮಾತು. 'ದಿ ವೈರ್' ಎಚ್‌ಬಿಒ ಚಾನೆಲ್ಲಿನಲ್ಲಿ 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಬಂತು. ಒಟ್ಟು 60 ಕಂತು. ಮಾಡಿದ್ದು ಡೇವಿಡ್ ಸೈಮನ್, 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ಕ್ರೈಂ ವರದಿಗಾರನಾಗಿದ್ದವನು. ಜೊತೆಗಿದ್ದ ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಪತ್ತೇದಾರ, ಆಮೇಲೆ ಸರ್ಕಾರಿ ಶಾಲೆಯ ಮೇಷ್ಟ್ರು. ಮೊದಲ ಸೀಸನ್ ಪಶ್ಚಿಮ ಬಾಲ್ಟಿಮೋರಿನ ಡ್ರಗ್ಸ್ ಗ್ಯಾಂಗಿನ ಫೋನ್ ಕದ್ದು ಕೇಳುವ ಪೊಲೀಸರ ಕಥೆ. ಬಹುಪಾಲು ಪಾತ್ರಗಳು ಕಪ್ಪು ಜನ. ಅಮೆರಿಕದ ಟೀವಿಯಲ್ಲಿ ಅದು ಅಪರೂಪ.

2003ರ ಜೂನ್ 1ಕ್ಕೆ ಎರಡನೇ ಸೀಸನ್ ಶುರುವಾದಾಗ, ವರ್ಷ ಕಾದಿದ್ದ ಜನಕ್ಕೆ ಕಂಡಿದ್ದು ಬೇರೆಯೇ ಊರು. ಕ್ರೇನು, ಕಂಟೇನರ್, ಬೆಳಿಗ್ಗೆಯೇ ಬಾರಿನಲ್ಲಿ ಕೂತ ಪೋಲಿಷ್ ಮೂಲದ ಬಿಳಿಯ ಕಾರ್ಮಿಕರು. ಅವರ ಯೂನಿಯನ್ ಲೀಡರ್ ಫ್ರಾಂಕ್ ಸೊಬೊಟ್ಕಾ, ಅವನ ಅಣ್ಣನ ಮಗ ನಿಕ್, ತಲೆ ತಿನ್ನುವ ಸ್ವಂತ ಮಗ ಜಿಗ್ಗಿ. ಮೊದಲ ಸೀಸನ್ನಿನ ಪ್ರೀತಿಯ ಪಾತ್ರಗಳೆಲ್ಲ ಪಕ್ಕಕ್ಕೆ.

ನೋಡುಗರ ದೂರುಗಳು ಸುಳ್ಳಲ್ಲ. ಕಥೆ ನಿಧಾನ. ಜಿಗ್ಗಿ ಬಂದಾಗಲೆಲ್ಲ ಫಾರ್ವರ್ಡ್ ಮಾಡೋಣ ಅನ್ನಿಸುತ್ತೆ. ಇಡೀ ತನಿಖೆ ಶುರುವಾಗೋದು ಚರ್ಚಿನ ಒಂದು ಬಣ್ಣದ ಗಾಜಿನ ಕಿಟಕಿಯಿಂದ: ಕಿಟಕಿ ಕೊಡೋದು ಯೂನಿಯನ್ನೋ, ಪೊಲೀಸ್ ಇಲಾಖೆಯೋ ಅಂತ ಒಬ್ಬ ಮೇಜರ್‌ಗೂ ಫ್ರಾಂಕ್‌ಗೂ ಹಠ. ನಮ್ಮೂರ ಜಾತ್ರೆಯಲ್ಲಿ ತೇರಿನ ಹಗ್ಗ ಮೊದಲು ಯಾರು ಹಿಡೀಬೇಕು ಅಂತ ಆಗುತ್ತಲ್ಲ, ಥೇಟ್ ಅದೇ. ಇದರ ಜೊತೆ ಬಣ್ಣದ ಪ್ರಶ್ನೆ ಬೇರೆ. ಕಪ್ಪು ಜನರ ಕಥೆ ಹೇಳುತ್ತಿದ್ದ ಒಂದು ಸೀರಿಯಲ್ ಸಿಕ್ಕಿತ್ತು, ಅದನ್ನೂ ಬಿಳಿಯರ ಕೈಗೆ ಕೊಟ್ಟಿರಲ್ಲ ಅನ್ನೋ ಸಿಟ್ಟು. ಓಮರ್ ಪಾತ್ರ ಮಾಡಿದ ಮೈಕಲ್ ಕೆ. ವಿಲಿಯಮ್ಸ್‌ಗೇ ಆ ಸಿಟ್ಟು ಬಂದಿತ್ತು, ಮುಂದೆ ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡ.

ನನ್ನದೂ ಒಂದು ದೂರಿದೆ. ಈ ಸೀಸನ್ನಿನ ಮುಖ್ಯ ಅಪರಾಧ 14 ಹೆಣ್ಣುಮಕ್ಕಳ ಸಾವು. 13 ಜನ ಕಂಟೇನರಿನೊಳಗೆ ಉಸಿರು ಕಟ್ಟಿ, ಒಬ್ಬಳು ನೀರಿನಲ್ಲಿ. ಹನ್ನೆರಡು ಕಂತು ಮುಗಿದರೂ ಅವರು ಯಾರು ಅಂತ ನಮಗೆ ಗೊತ್ತಾಗಲ್ಲ. ಅವರ ಹೆಸರು ಸಿಗದೇ ಹೋಗೋದೇ ಕಥೆಯ ಉದ್ದೇಶ ಅನ್ನಬಹುದು. ಆದರೂ ಗಂಡಸರ ಕೆಲಸ ಹೋದ ದುಃಖಕ್ಕೆ ಸಿಕ್ಕಷ್ಟು ಜಾಗ ಅವರ ಜೀವ ಹೋದದ್ದಕ್ಕೆ ಸಿಗಲಿಲ್ಲ.

ಸರಿ, ಸೈಮನ್ ಯಾಕೆ ಬಂದರಿಗೆ ಹೋದ? ಒಂದೊಂದು ಸೀಸನ್ನಿನಲ್ಲಿ ಊರಿನ ಒಂದೊಂದು ಮಗ್ಗುಲು ತೋರಿಸೋದು ಅವನ ಲೆಕ್ಕ. ಗ್ಯಾಂಗು, ಬಂದರು, ರಾಜಕೀಯ, ಶಾಲೆ, ಪತ್ರಿಕೆ. ಬೀದಿ ಮೂಲೆಯಲ್ಲಿ ಹುಡುಗರು ಡ್ರಗ್ಸ್ ಮಾರುತ್ತಾರೆ ಅಂತ ಮೊದಲನೇದು ತೋರಿಸಿತು. ಆ ಊರಲ್ಲಿ ಬೇರೆ ಕೆಲಸ ಏನಾಯ್ತು ಅಂತ ಎರಡನೇದು ಕೇಳಿತು.

ಬಾಲ್ಟಿಮೋರಿನ ಜನಸಂಖ್ಯೆ 1950ರಲ್ಲಿ ಸುಮಾರು 9.5 ಲಕ್ಷ. 2000ದಲ್ಲಿ 6.5 ಲಕ್ಷ. ಊರ ಪಕ್ಕದ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಬೆತ್ಲಹೆಮ್ ಸ್ಟೀಲ್‌ನ ಕಾರ್ಖಾನೆ ಇತ್ತು, ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಆ ಕಂಪನಿ 2001ರಲ್ಲಿ ದಿವಾಳಿ ಅರ್ಜಿ ಹಾಕಿತು.

ಬಂದರಿನ ಕಥೆ ಇನ್ನೂ ಹಿಂದಿನದು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಮಾಲೀಕ 'ಐಡಿಯಲ್ ಎಕ್ಸ್' ಅನ್ನೋ ಹಡಗಿನ ಮೇಲೆ 58 ಪೆಟ್ಟಿಗೆ ಇಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಮಾಲು ಹೇರೋಕೆ ಟನ್ನಿಗೆ ಸುಮಾರು 6 ಡಾಲರ್ ಆಗುತ್ತಿದ್ದದ್ದು 16 ಸೆಂಟಿಗೆ ಇಳಿಯಿತು. ಗುಂಪುಗುಂಪಾಗಿ ಜನ ದಿನಗಟ್ಟಲೆ ಹೊತ್ತು ಇಳಿಸುತ್ತಿದ್ದ ಮಾಲನ್ನು ಮುಂದೆ ಕ್ರೇನುಗಳೇ ಇಳಿಸಿದವು. 1993ಕ್ಕೆ ರಾಟರ್‌ಡ್ಯಾಮ್ ಬಂದರಿನಲ್ಲಿ ಡ್ರೈವರ್ ಇಲ್ಲದ ಗಾಡಿಗಳು ಕಂಟೇನರ್ ಸಾಗಿಸತೊಡಗಿದವು.

ಫ್ರಾಂಕ್ ಕಾಲು ಇಟ್ಟಿರೋದು ಈ ಇಳಿಜಾರಿನಲ್ಲಿ. ಹಿರಿತನದ ಪ್ರಕಾರ ಕೆಲಸ ಹಂಚಿದರೆ ಹುಡುಗರಿಗೆ ತಿಂಗಳಲ್ಲಿ ನಾಲ್ಕು ದಿನವೂ ಸಿಗಲ್ಲ. ಅದಕ್ಕೇ ಅವನು ಸ್ಮಗ್ಲರ್‌ಗಳಿಗೋಸ್ಕರ ಕೆಲವು ಕಂಟೇನರ್ ಲೆಕ್ಕದಿಂದ ಕಾಣೆ ಮಾಡ್ತಾನೆ. ಒಳಗೆ ಏನಿದೆ ಅಂತ ಕೇಳಲ್ಲ. ಬಂದ ದುಡ್ಡಲ್ಲಿ ಬಂಗಲೆ ಕಟ್ಟಲ್ಲ, ರಾಜಕಾರಣಿಗಳ ದಲ್ಲಾಳಿಗಳಿಗೆ ಸುರೀತಾನೆ: ಕಾಲುವೆಯ ಹೂಳು ತೆಗೆಸಿ, ಮುಚ್ಚಿದ ಧಾನ್ಯದ ಕಟ್ಟೆ ಮತ್ತೆ ತೆರೆಸಿ ಅಂತ. ಬರೆದವರಲ್ಲಿ ಒಬ್ಬನಾದ ರಫೇಲ್ ಆಲ್ವರೆಜ್‌ನ ಅಪ್ಪ ಅದೇ ಬಂದರಿನ ಟಗ್ ಬೋಟಿನಲ್ಲಿ ದುಡಿದವರು. ಬಾರಿನ ಮಾತುಕತೆಗಳಲ್ಲಿ ಅದು ಗೊತ್ತಾಗುತ್ತೆ.

ಇಷ್ಟೆಲ್ಲ ನನಗೆ ತಿಳಿದದ್ದು ಹಾರಿಸಿದ ಸೀಸನ್ನನ್ನು ಏಳು ವರ್ಷ ಬಿಟ್ಟು ನೋಡಿದಾಗ. 2019ರಲ್ಲಿ ದೊಡ್ಡಪ್ಪ ಮೊಣಕಾಲು ತೋರಿಸೋಕೆ ಬೆಂಗಳೂರಿಗೆ ಬಂದಿದ್ದರು. ಮೂವತ್ತು ವರ್ಷ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಹಮಾಲ ಅವರು. ಒಂದು ಭಾನುವಾರ ನಾನು ಇದನ್ನು ಹಾಕಿಕೊಂಡು ಕೂತಿದ್ದೆ. ಇಂಗ್ಲಿಷ್ ಬಾರದಿದ್ದರೂ ಅವರೂ ಪಕ್ಕದಲ್ಲಿ ಕೂತರು.

"ಏನಪ ಇದು?"

"ಬಂದರು ದೊಡ್ಡಪ್ಪ, ಹಡಗಿಂದ ಮಾಲು ಇಳಸಾಕತ್ತಾರ."

ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇಷ್ಟ್ ದೊಡ್ಡ ಬಂದರದಾಗ ಹಮಾಲ್ರು ಒಬ್ರೂ ಕಾಣವಲ್ರಲ್ಲೋ?"

"ಅದ ಕಥಿ, ದೊಡ್ಡಪ್ಪ" ಅಂದೆ.

ಆಮೇಲೆ ಬಾರಿನ ಸೀನು ಬಂತು. ದಪ್ಪ ಜಾಕೆಟ್ಟಿನ ಮುದುಕರು ಹಳೇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು. ದೊಡ್ಡಪ್ಪ ಬೆರಳು ಮಾಡಿದರು. "ಇವ್ರ ನೋಡು ಹಮಾಲ್ರು. ಕೆಲಸ ಇಲ್ದ ಕುಂತಾರ." ಸಬ್‌ಟೈಟಲ್ ಇಟ್ಟುಕೊಂಡೂ ನಾವು ಪೀಜಿಯಲ್ಲಿ ಬೋರು ಅಂತ ತಳ್ಳಿದ ಸೀಸನ್ನು ಅವರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗಿತ್ತು.

ಮುಂದಿನ ಕಂತುಗಳನ್ನು ನಾನೊಬ್ಬನೇ ನೋಡಿದೆ. ಏಳನೇ ಕಂತಿನಲ್ಲಿ ಫ್ರಾಂಕ್ ಒಂದು ಪ್ರೆಸೆಂಟೇಷನ್‌ಗೆ ಹೋಗ್ತಾನೆ. ಟೈ ಕಟ್ಟಿದವನೊಬ್ಬ ರಾಟರ್‌ಡ್ಯಾಮ್ ಬಂದರಿನ ಯಂತ್ರಗಳ ವಿಡಿಯೋ ತೋರಿಸಿ, ಕಡಿಮೆ ಜನ, ಕಡಿಮೆ ಅಪಘಾತ, ಹೆಚ್ಚು ಮಾಲು ಅಂತ ಹುರುಪಿನಿಂದ ವಿವರಿಸ್ತಾನೆ. ಅವನು ಕೆಟ್ಟವನಲ್ಲ. ಹೇಳೋದರಲ್ಲಿ ಸುಳ್ಳೂ ಇಲ್ಲ. ಫ್ರಾಂಕ್‌ನ ಮುಖ ಮಾತ್ರ ದೆವ್ವದ ಸಿನಿಮಾ ನೋಡಿದವನ ಹಾಗೆ ಆಗುತ್ತೆ.

ನಾನು ವಿಡಿಯೋ ನಿಲ್ಲಿಸಿದೆ. ಆ ಟೈ ಕಟ್ಟಿದವನು ನಾನೇ ಆಗಿದ್ದೆ. ಅದೇ ವರ್ಷ ನಮ್ಮ ಟೀಮ್ ಒಬ್ಬ ಕ್ಲೈಂಟ್‌ಗೆ ಬಿಲ್ಲುಗಳನ್ನು ತಾನೇ ಓದಿ ಎಂಟ್ರಿ ಮಾಡುವ ಸಾಫ್ಟ್‌ವೇರ್ ಬರೆದಿತ್ತು. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದದ್ದು ಹನ್ನೆರಡು ಜನ. ಡೆಮೊ ಕೊಟ್ಟವನು ನಾನು. ಸ್ಲೈಡಿನಲ್ಲಿ ಆ ಹನ್ನೆರಡು ಜನ 'ಉಳಿತಾಯ' ಅನ್ನೋ ಕಾಲಮ್ಮಿನಲ್ಲಿದ್ದರು. ಡೆಮೊ ಮುಗಿದ ಮೇಲೆ ನಲವತ್ತು ದಾಟಿದ ಒಬ್ಬರು ಲಿಫ್ಟ್ ಹತ್ತಿರ ಕೇಳಿದರು, "ಸರ್, ನಮಗೆ ಏನಾದ್ರೂ ಟ್ರೈನಿಂಗ್ ಇರುತ್ತಾ?" ನನಗೆ ಗೊತ್ತಿರಲಿಲ್ಲ. "ಇರುತ್ತೆ ಸರ್" ಅಂದೆ. ಮೂರು ತಿಂಗಳಲ್ಲಿ ಅವರ ಫ್ಲೋರು ಖಾಲಿಯಾಗಿತ್ತು.

ನೋಡುಗರ ಜಗಳ ವರ್ಷಗಳು ಕಳೆದಂತೆ ದಿಕ್ಕು ಬದಲಿಸಿದ್ದೂ ಇದಕ್ಕೇ ಇರಬೇಕು. ಈಗ ಎರಡನೇದೇ ಐದರಲ್ಲಿ ಮೇಲು ಅನ್ನುವವರು ಬೇಕಾದಷ್ಟು ಸಿಗ್ತಾರೆ. ಬೈಗುಳವೆಲ್ಲ ಐದನೇದರ ಪಾಲಿಗೆ. ಹತ್ತೇ ಕಂತು, ಪೊಲೀಸನೇ ಕಟ್ಟಿದ ಸುಳ್ಳು ಸೀರಿಯಲ್ ಕಿಲ್ಲರ್, 1995ರಲ್ಲಿ ಬಿಟ್ಟುಬಂದ ಪತ್ರಿಕೆಯ ಮೇಲೆ ಸೈಮನ್ ತೀರಿಸಿಕೊಂಡ ಹಳೇ ಲೆಕ್ಕ. ಎರಡನೇ ಸೀಸನ್ನಿನ ಒಂದು ಫ್ರೇಮೂ ಬದಲಾಗಿಲ್ಲ. ಜಿಗ್ಗಿ ಈಗಲೂ ತಲೆ ತಿನ್ನುತ್ತಾನೆ. ಬದಲಾದದ್ದು ನೋಡುವವರ ಕೆಲಸದ ಗತಿ. 2003ರಲ್ಲಿ ಬೇರೆಯವರ ಅಪ್ಪಂದಿರ ಕಥೆಯಾಗಿದ್ದದ್ದು ಈಗ ನಮ್ಮದಾಗಿದೆ. ಕೋಡ್ ಬರೆಯೋ ನನ್ನ ಕೆಲಸದ ಮೇಲೂ ಈಗ ಯಾರೋ ಸ್ಲೈಡ್ ಮಾಡ್ತಿದ್ದಾರೆ.

ಸೀರಿಯಲ್ಲಿನ ಕೊನೆಯಲ್ಲಿ ಫ್ರಾಂಕ್ ಸಾಯ್ತಾನೆ, ಧಾನ್ಯದ ಕಟ್ಟೆಯ ಜಾಗದಲ್ಲಿ ಶ್ರೀಮಂತರ ಅಪಾರ್ಟ್‌ಮೆಂಟ್ ಏಳುತ್ತೆ. ನಿಜವಾದ ಬಾಲ್ಟಿಮೋರಿನಲ್ಲೂ 1920ರ ದಶಕದ ದೊಡ್ಡ ಧಾನ್ಯದ ಗೋಪುರವೊಂದು 2009ರ ಹೊತ್ತಿಗೆ 'ಸೈಲೋ ಪಾಯಿಂಟ್' ಅನ್ನೋ ಐಷಾರಾಮಿ ಅಪಾರ್ಟ್‌ಮೆಂಟ್ ಆಯ್ತು. ಸ್ಪ್ಯಾರೋಸ್ ಪಾಯಿಂಟ್‌ನ ಕಾರ್ಖಾನೆ 2012ರಲ್ಲಿ ಮುಚ್ಚಿತು. ನಾನು ಆ ಸೀಸನ್ ಹಾರಿಸಿದ ವರ್ಷ.

ಫ್ರಾಂಕ್ ಕೊನೇ ಸಲ ನಡೆದು ಹೋಗೋದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕೆಳಗೆ. 2024ರ ಮಾರ್ಚ್ 26ರ ರಾತ್ರಿ 'ಡಾಲಿ' ಅನ್ನೋ ಕಂಟೇನರ್ ಹಡಗು ಬಡಿದು ಆ ಸೇತುವೆ ಕುಸಿಯಿತು. ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಜನ ಸತ್ತರು. ಎಲ್ಲರೂ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ದುಡಿಯಲು ಬಂದವರು. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ಹೊರೆ ಹೊರುವವರು ಇಲ್ಲವಾದರು ಅನ್ನೋದು ಪೂರ್ತಿ ನಿಜ ಅಲ್ಲ, ದೂರದಿಂದ ಬಂದ ಬೇರೆಯವರು ಹೊರ್ತಿದ್ದಾರೆ.

ಆ ವಿಡಿಯೋವನ್ನು ನಾನು ಫೋನಿನಲ್ಲಿ ದೊಡ್ಡಪ್ಪನಿಗೆ ಕಳಿಸಿದ್ದೆ, ನೋಡಿದ ಜಾಗ ಅಂತ. ವಾಪಸ್ ಫೋನ್ ಮಾಡಿ ಅವರು ಸೇತುವೆ ಬಗ್ಗೆ ಕೇಳಲಿಲ್ಲ. "ಮ್ಯಾಲ ಎಷ್ಟ್ ಮಂದಿ ಇದ್ರು?" ಅಂದರು.