ಸೊಲ್ಲಾಪುರದಿಂದ ಯೆನಾನಿಗೆ

ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಾವೆಲ್ಲ ಪರಭಾಷೆಯ ನಡುವೆ ಹೊಂದಿಕೊಂಡು ಬಾಳುವುದರಲ್ಲಿ ಪಳಗಿದವರೇ. ಆದರೂ ಒಂದು ಅಳುಕು ನಮ್ಮನ್ನು ಬಿಟ್ಟಿಲ್ಲ: ಹೀಗೆ ಹೊಂದಿಕೊಳ್ಳುತ್ತ ಹೋದರೆ ಕೊನೆಗೆ ನಮ್ಮತನ ಉಳಿದೀತೇ? ಡಾ. ದ್ವಾರಕಾನಾಥ ಕೋಟ್ನೀಸರ ಬಾಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬಹುದು.

ಅವರು 1910ರ ಅಕ್ಟೋಬರ್ 10ರಂದು ಹುಟ್ಟಿದ್ದು ಸೊಲ್ಲಾಪುರದಲ್ಲಿ. ಸಿದ್ಧರಾಮನ ಸೊನ್ನಲಿಗೆಯ ಪರಿಚಯವನ್ನು ಕನ್ನಡಿಗರಿಗೆ ಹೊಸದಾಗಿ ಮಾಡಿಕೊಡಬೇಕಿಲ್ಲ. ಕೋಟ್ನೀಸರದು ಮರಾಠಿ ಮನೆ. ಊರು ಮಾತ್ರ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬೀದಿಯಲ್ಲಿ ಕೇಳಿಬರುವಂಥದು. ಅವರು ವೈದ್ಯರಾಗಿದ್ದು ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ.

1937ರಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿ ಹೋಯಿತು. ಚೀನೀ ಸೇನಾನಿ ಝೂ ದೆ ನೆರವು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಹಣಕ್ಕಾಗಿಯೂ ವೈದ್ಯರಿಗಾಗಿಯೂ ಕರೆ ಕೊಟ್ಟರು. ನಾವೇ ಇನ್ನೂ ಪರತಂತ್ರರಾಗಿದ್ದ ಕಾಲವದು. ಆದರೂ ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನೀಸ್ ಎಂಬ ಐವರು ವೈದ್ಯರು ಆ ವರ್ಷದ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹತ್ತಿದರು. ಅವರಲ್ಲಿ ಕೋಟ್ನೀಸರಿಗೆ ಇಪ್ಪತ್ತೆಂಟು ಕೂಡ ತುಂಬಿರಲಿಲ್ಲ.

ಚುಂಗ್‌ಕಿಂಗ್ ನಗರದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಒಡನಾಡಿಗಳು ಊರಿಗೆ ಮರಳಲು ಹೇಳಿದರು. ಕೋಟ್ನೀಸರು ಒಪ್ಪಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ಸೇರಿತು.

ಅಲ್ಲಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗವಿಗಳೇ ಮನೆ, ಗವಿಗಳೇ ಆಸ್ಪತ್ರೆ. ನೀರು ಹೆಪ್ಪುಗಟ್ಟುವ ಚಳಿ. ದಿನದ ಊಟ ಹೆಚ್ಚಾಗಿ ಸಣ್ಣಕಾಳಿನದು. ಆ ಕಾಳು ಬೇರೇನೂ ಅಲ್ಲ, ನಮ್ಮ ಬಯಲುಸೀಮೆಯವರು ಬಲ್ಲ ನವಣೆಯೇ! ನೆಲ ಎಷ್ಟೇ ದೂರದ್ದಾದರೂ ಬಡವನ ತಟ್ಟೆಯಲ್ಲಿ ಎಲ್ಲೋ ಒಂದು ನಂಟು ಇದ್ದೇ ಇರುತ್ತದೆ.

ಊಟಕ್ಕಿಂತ ಕಠಿಣವಾದದ್ದು ಮಾತು. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರ ಸ್ವರದ ಏರಿಳಿತದಿಂದ ಬೇರೆ ಬೇರೆ ಅರ್ಥ ಕೊಡುತ್ತದೆ. ‘ಮಾ’ ಎಂಬುದು ಒಂದು ಸ್ವರದಲ್ಲಿ ತಾಯಿ, ಇನ್ನೊಂದರಲ್ಲಿ ಕುದುರೆ. ಗಾಯಾಳುವಿಗೆ ಎಲ್ಲಿ ನೋವೆಂದು ಕೇಳಿ ತಿಳಿಯದ ವೈದ್ಯನಿಂದ ಏನು ಪ್ರಯೋಜನ? ಕೋಟ್ನೀಸರು ಹಟ ಹಿಡಿದು ಕಲಿತರು. ವಿದ್ಯಾರ್ಥಿಗಳಿಗೆ ಆ ಭಾಷೆಯಲ್ಲೇ ಶಸ್ತ್ರಚಿಕಿತ್ಸೆಯ ಪಾಠ ಹೇಳುವಷ್ಟು ಬಲ್ಲವರಾದರು. ಚೀನೀಯರ ಬಾಯಲ್ಲಿ ಅವರು ‘ಕೆ ದಿಹುವಾ’ ಆದರು. ಹೆಸರಿನ ಕೊನೆಯ ‘ಹುವಾ’ ಎಂದರೆ ಚೀನ.

ಜೊತೆಗೆ ಹೋದವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಕೋಟ್ನೀಸರು 1940ರಲ್ಲಿ ವೂತಾಯ್ ಬೆಟ್ಟಗಳ ಯುದ್ಧರಂಗಕ್ಕೆ ಹೋದರು. 1939ರಲ್ಲಿ ರಕ್ತ ನಂಜೇರಿ ತೀರಿಕೊಂಡಿದ್ದ ಕೆನಡಾದ ವೈದ್ಯ ನಾರ್ಮನ್ ಬೆಥೂನರು ಸೇವೆ ಸಲ್ಲಿಸಿದ್ದ ಪ್ರದೇಶವದು. 1941ರ ಜನವರಿಯಲ್ಲಿ ಬೆಥೂನರ ಹೆಸರಿನ ಆಸ್ಪತ್ರೆಗೇ ಇವರು ಮುಖ್ಯಸ್ಥರಾದರು. ಅದೇ ವರ್ಷ ದಾದಿಯರ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನ ಹೆಸರು ‘ಯಿನ್‌ಹುವಾ’. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ. ಮಗುವಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ, ಡಿಸೆಂಬರ್ 9ರಂದು, ಮೂರ್ಛೆರೋಗ ಕೋಟ್ನೀಸರನ್ನು ಕೊಂಡೊಯ್ದಿತು. ಆಗ ಅವರಿಗೆ ಮೂವತ್ತೆರಡೇ ವರ್ಷ.

1946ರಲ್ಲಿ ವಿ. ಶಾಂತಾರಾಮರ ಚಿತ್ರ ಈ ಕಥೆಯನ್ನು ಮನೆಮಾತಾಗಿಸಿತು. 1962ರ ಯುದ್ಧ ಎರಡು ದೇಶಗಳ ನಡುವಿನ ಸ್ನೇಹವನ್ನು ಕದಡಿತು. ಆದರೂ ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಅವರ ಸಮಾಧಿಗೆ ಇಂದಿಗೂ ಗೌರವ ಸಲ್ಲುತ್ತಿದೆ. ಚೀನದ ನಾಯಕರು 2006ರಲ್ಲಿ, ಮತ್ತೆ 2013ರಲ್ಲಿ ಮುಂಬಯಿಗೆ ಬಂದಾಗ ಕೋಟ್ನೀಸರ ಕುಟುಂಬದವರನ್ನು ಕಂಡು ಹೋದರು.

ಪರರ ಅನ್ನ ಉಂಡು, ಪರರ ಭಾಷೆ ಆಡಿ, ಪರರ ಹೆಸರನ್ನೇ ಹೊತ್ತ ಈ ಮನುಷ್ಯನನ್ನು ಚೀನೀಯರು ಇಂದಿಗೂ ನೆನೆಯುವುದು ಭಾರತದ ವೈದ್ಯನೆಂದೇ. ಬಂದ ನೆಲದ ಮಾತನ್ನು ಚೆನ್ನಾಗಿ ಕಲಿತು, ಅಲ್ಲಿಯವರ ಕಷ್ಟಕ್ಕೆ ಆದವನು ತನ್ನತನವನ್ನು ಕಳೆದುಕೊಳ್ಳುವುದಿಲ್ಲ. ನಮ್ಮ ಮಕ್ಕಳು ನೆರೆಮನೆಯ ಭಾಷೆಯನ್ನು ಸರಾಗವಾಗಿ ಆಡುವಾಗ ನಾವು ಅಳುಕಬೇಕಾಗಿಲ್ಲ. ಮನೆಯಲ್ಲಿ ಅವರೊಡನೆ ಕನ್ನಡವಾಡುವುದನ್ನು ನಾವು ಬಿಡದಿದ್ದರೆ ಸಾಕು.