ಅತಿವಾಹಕ ಕಾಂತಗಳ ಕಾವಲು: ಬೆಸುಗೆಯಿಂದ ಚಿಲ್ಲರ್‌ವರೆಗೆ

ಬೆಳಗಾವಿಯ ಆಸ್ಪತ್ರೆಗಳಲ್ಲಿ ಎಂಆರ್‌ಐ ಮಾತು ಬಂದಾಗಲೆಲ್ಲ ಒಂದು ತಪ್ಪು ತಿಳಿವಳಿಕೆ ಕಿವಿಗೆ ಬೀಳುತ್ತದೆ: ಒಳ್ಳೆಯ ಯುಪಿಎಸ್ ಇದ್ದರೆ ಕಾಂತಕ್ಕೆ ಭಯವಿಲ್ಲ. ಆದರೆ ಆ ಕಾಂತ ಕರೆಂಟು ಹೋದ ಕ್ಷಣಕ್ಕೆ ಕೆಡುವುದಿಲ್ಲ. ಒಮ್ಮೆ ತುಂಬಿದ ಪ್ರವಾಹ ಅದರ ಸುರುಳಿಯಲ್ಲಿ ವರ್ಷಗಟ್ಟಲೆ ತಾನಾಗಿ ಸುತ್ತುತ್ತಿರುತ್ತದೆ. ಅದರ ಶತ್ರು ಶಾಖ.

ರೋಧವಿಲ್ಲದೆ ಪ್ರವಾಹ ಹರಿಯುವ ಈ ಗುಣವನ್ನು, ಅಂದರೆ ಅತಿವಾಹಕತೆಯನ್ನು, ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಕಂಡದ್ದು 1911ರಲ್ಲಿ. ಬಲವಾದ ಕಾಂತಕ್ಕೆ ಒಗ್ಗುವ ತಂತಿಯ ಭರವಸೆ ಮೂಡಿದ್ದು 1961ರಲ್ಲಿ. ತಂತಿಯ ಒಂದು ಬಿಂದು ಬಿಸಿಯಾಗಿ ರೋಧ ಹುಟ್ಟಿದರೆ ಸುರುಳಿಯ ಶಕ್ತಿಯೆಲ್ಲ ಅಲ್ಲೇ ಸುರಿದು ಅದನ್ನು ಸುಡಬಲ್ಲದು. ಇದೇ ಕ್ವೆಂಚ್. 1965ರಲ್ಲಿ ಸಂಶೋಧಕ ಸ್ಟೆಕ್ಲಿ ತಂತಿಗೆ ಸಾಕಷ್ಟು ತಾಮ್ರ ಸೇರಿಸಿ ಇದನ್ನು ತಡೆಯುವ ದಾರಿ ತೋರಿಸಿದರು, ಕಾಂತಗಳು ಭಾರವಾದವು. ಕ್ವೆಂಚ್ ಆಗಿಯೇ ಆಗುತ್ತದೆಂದು ಒಪ್ಪಿಕೊಂಡು ಕಾವಲು ಹಾಕಿದ ಮುಂದಿನವರ ದಾರಿಯೇ ಹೆಚ್ಚು ವಿವೇಕದ್ದು.

ಈ ದಾರಿಯ ಶಿಖರ ಸೆರ್ನ್‌ನ ಕಣ ವೇಗವರ್ಧಕ ಎಲ್‌ಎಚ್‌ಸಿ. ಅಲ್ಲಿ ದ್ವಿಧ್ರುವ ಕಾಂತದ ಎರಡು ಅರ್ಧಗಳ ವೋಲ್ಟೇಜನ್ನು ಸದಾ ತಾಳೆ ನೋಡುತ್ತಾರೆ. 100 ಮಿಲಿವೋಲ್ಟ್ ವ್ಯತ್ಯಾಸ 10 ಮಿಲಿಸೆಕೆಂಡ್ ನಿಂತರೆ ಸಾಕು, 900 ವೋಲ್ಟಿಗೆ ತುಂಬಿದ ಕೆಪಾಸಿಟರ್‌ಗಳು ಹೀಟರ್ ಪಟ್ಟಿಗಳಿಗೆ ಖಾಲಿಯಾಗುತ್ತವೆ. ಸುರುಳಿ ಉದ್ದಕ್ಕೂ ಬೆಚ್ಚಗಾಗುತ್ತದೆ; ಒಂದೇ ಕಡೆ ಸುಡುವುದಿಲ್ಲ. ಡಯೋಡ್ ಪ್ರವಾಹವನ್ನು ಪಕ್ಕಕ್ಕೆ ಹರಿಸುತ್ತದೆ, ಬ್ರೇಕರ್ ತೆರೆದು ಉಳಿದ ಶಕ್ತಿ ರೆಸಿಸ್ಟರ್‌ಗಳಿಗೆ ಹೋಗುತ್ತದೆ. ಆ ಹೀಟರ್‌ಗಳ 5500 ವಿದ್ಯುತ್ ಘಟಕಗಳು ಭಾರತದಿಂದ ಹೋದವು. ನಮ್ಮ ಪೀಳಿಗೆಯ ಈ ಸಾಧನೆಗೆ ಕನ್ನಡದಲ್ಲಿ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

2008ರ ಸೆಪ್ಟೆಂಬರ್ 19ರಂದು ಅಲ್ಲಿ ಸೋತದ್ದು ಕಾಂತವಲ್ಲ, ಎರಡು ಕಾಂತಗಳ ನಡುವಿನ ಒಂದು ಬೆಸುಗೆ. ಕಾಂತಗಳನ್ನು ತಣ್ಣಗಿಡುವ ಹೀಲಿಯಂ ಸುಮಾರು 6 ಟನ್ ಹೊರಚೆಲ್ಲಿತು; 53 ಕಾಂತಗಳನ್ನು ಮೇಲೆತ್ತಬೇಕಾಯಿತು. ಆಮೇಲೆ ಬೆಸುಗೆಗಳಿಗೂ ಸೂಕ್ಷ್ಮ ಕಾವಲು ಬಂತು.

ಈ ಕಾವಲಿನ ಕಥೆ ಹೇಳುವ ಸಮೀಕ್ಷೆಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಖಾನಾಪುರ, ಕಣಕುಂಬಿಯ ರೋಗಿ ಬೆಳಗಾವಿಗೆ ಬಂದು ಮಲಗುವ ಎಂಆರ್‌ಐಯಲ್ಲೂ ಇದೇ ಜಾತಿಯ ಕಾಂತವಿದೆ. ಕ್ವೆಂಚ್ ಆದಾಗ ಸುರುಳಿಯನ್ನು ಉಳಿಸುವ ಏರ್ಪಾಟು ಅದರೊಳಗೇ ಇರುತ್ತದೆ. ಆದರೆ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿ ಉಳಿಯಲು ಕೋಲ್ಡ್ ಹೆಡ್, ಕಂಪ್ರೆಸರ್, ಚಿಲ್ಲರ್ ಎಂಬ ತಂಪಾಗಿಸುವ ಯಂತ್ರಗಳು ಹಗಲಿರುಳು ಓಡಬೇಕು. ಮಳೆಗಾಲದ ರಾತ್ರಿ ಕರೆಂಟು ಹೋಗಿ ಜನರೇಟರ್ ಹತ್ತಿದರೂ ಚಿಲ್ಲರ್ ಟ್ರಿಪ್ ಆಗಿಯೇ ಉಳಿಯಬಹುದು. ಕೋಲ್ಡ್ ಹೆಡ್ಡಿನ ಲಯಬದ್ಧ ಬಡಿತ ನಿಲ್ಲುತ್ತದೆ, ಒತ್ತಡ ಏರುತ್ತದೆ, ದುಬಾರಿ ಹೀಲಿಯಂ ಆವಿಯಾಗುತ್ತದೆ. ಹಳೆಯ ಕಾಂತಗಳಲ್ಲಿ ಸಾವಿರಕ್ಕೂ ಹೆಚ್ಚು ಲೀಟರಿನ ದಾಸ್ತಾನಿರುತ್ತಿತ್ತು. 2018ರಲ್ಲಿ ಬಂದ ಫಿಲಿಪ್ಸ್ ಬ್ಲೂಸೀಲ್‌ಗೆ 7 ಲೀಟರ್ ಸಾಕು. ದಾಸ್ತಾನು ಕಡಿಮೆಯಾದಷ್ಟೂ ಚಿಲ್ಲರ್ ನಿಂತಾಗ ಕೈಯಲ್ಲಿರುವ ಸಮಯವೂ ಕಡಿಮೆ.

ಆದ್ದರಿಂದ ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ: ಚಿಲ್ಲರನ್ನು ಜನರೇಟರ್ ಸಾಲಿಗೆ ಸೇರಿಸಿ, ಅದು ತಾನಾಗಿ ಮರಳಿ ಚಾಲೂ ಆಗುವುದನ್ನು ಪರೀಕ್ಷಿಸಿ, ಅಲಾರಂ ರಾತ್ರಿ ಪಾಳಿಯವರ ಫೋನಿಗೆ ಮುಟ್ಟಿಸಿ, ಆವಿಯಾದ ಹೀಲಿಯಂ ಹೊರಬಿಡುವ ಕ್ವೆಂಚ್ ಪೈಪಿನ ಹೊರಬಾಯಿ ಮುಚ್ಚಿಲ್ಲವೆಂದು ಮಳೆಗೆ ಮುನ್ನ ನೋಡಿ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಒಂದು ದಿನವಾದರೂ ಆ ಚಿಲ್ಲರ್ ಕೋಣೆಗೆ ಕರೆದೊಯ್ಯಲಿ.