ಆಸ್ಪತ್ರೆಯ ರೆಕಾರ್ಡ್ ರೂಮ್ ಕೆಲಸ: ತರಬೇತಿಗೆ ಸೇರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ದಾವಣಗೆರೆ: ಆಸ್ಪತ್ರೆ ಕೆಲಸ ಅಂದ್ರೆ ಡಾಕ್ಟರ್, ನರ್ಸ್, ಲ್ಯಾಬ್ ಅಷ್ಟೇ ನೆನಪಾಗುತ್ತೆ. ಆದರೆ ಮಗುವಿನ ಜನನ ಪ್ರಮಾಣಪತ್ರ, ಇನ್ಶೂರೆನ್ಸ್ ಹಣ, ಅಪಘಾತದ ಪರಿಹಾರ ಮೂರಕ್ಕೂ ಬುನಾದಿ ಆಸ್ಪತ್ರೆಯ ದಾಖಲೆ. ಅದನ್ನು ಬರೆದು, ಜೋಡಿಸಿ, ಕಾಪಾಡುವ ಕೆಲಸಕ್ಕೆ ಪ್ರತ್ಯೇಕ ಓದು, ಪ್ರತ್ಯೇಕ ತರಬೇತಿ ಇದೆ. ಇದನ್ನೇ ಆರೋಗ್ಯ ಮಾಹಿತಿ ನಿರ್ವಹಣೆ ಅನ್ನೋದು. ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯವರು ತಿಳಿದಿರಬೇಕಾದ ವಿವರ ಇಲ್ಲಿದೆ.

ಏನಿದು ಕೆಲಸ?

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಿರಲಿ, ಹರಿಹರದ ತಾಲ್ಲೂಕು ಆಸ್ಪತ್ರೆಯಿರಲಿ, ರೋಗಿಯ ದಾರಿ ಶುರುವಾಗೋದು ಚೀಟಿ ಮಾಡಿಸುವ ಕಿಟಕಿಯಿಂದ. ಒಳರೋಗಿಯಾದರೆ ಕೇಸ್ ಶೀಟ್ ತೆರೆಯುತ್ತೆ. ಡಿಸ್ಚಾರ್ಜ್ ಆದ ಮೇಲೆ ಅದು ರೆಕಾರ್ಡ್ ವಿಭಾಗಕ್ಕೆ ಬರಬೇಕು. ಅಲ್ಲಿ ಹಾಳೆ ಸರಿಯಿದೆಯಾ, ಡಾಕ್ಟರ ಸಹಿ ಇದೆಯಾ ಅಂತ ನೋಡಿ, ಕಾಯಿಲೆಗೆ ಕೋಡ್ ಹಾಕಿ, ಕೇಳಿದಾಗ ಸಿಗುವಂತೆ ಇಡಬೇಕು.

ಒಂದಕ್ಷರ ತಪ್ಪಿದರೂ ತೊಂದರೆ ಮನೆಯವರಿಗೆ. ಆಧಾರ್‌ನಲ್ಲಿ ‘ಮಂಜುಳಾ’, ಕೇಸ್ ಶೀಟ್‌ನಲ್ಲಿ ‘ಮಂಜುಳಮ್ಮ’ ಅಂತಿದ್ದರೆ ಕ್ಲೇಮ್‌ಗೆ ತಕರಾರು ಬರಬಹುದು. ಆಸ್ಪತ್ರೆಯಲ್ಲಾದ ಜನನ–ಮರಣದ ಮಾಹಿತಿಯನ್ನು ನೋಂದಣಿಗೆ ಕೊಡುವ ಹೊಣೆ ಆಸ್ಪತ್ರೆಯದ್ದೇ. ಅವಧಿ 21 ದಿನ. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಆ ದಿನ ಮತ್ತು ನಂತರ ಹುಟ್ಟಿದವರಿಗೆ ಶಾಲೆ ಸೇರ್ಪಡೆ, ಡ್ರೈವಿಂಗ್ ಲೈಸೆನ್ಸ್ ಮೊದಲಾದವುಗಳಿಗೆ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಂದಮೇಲೆ ಹೆರಿಗೆ ವಾರ್ಡ್‌ನ ರಿಜಿಸ್ಟರ್‌ನಲ್ಲಿ ಬರೆದ ಹೆಸರು ಮಗುವಿನ ಜೊತೆ ವರ್ಷಗಟ್ಟಲೆ ನಡೆಯುತ್ತೆ.

ಇಂಟರ್ನ್‌ಶಿಪ್‌ನಲ್ಲಿ ಕಲಿಯುವುದೇನು?

* ನೋಂದಣಿ: ಹೊರರೋಗಿ, ಒಳರೋಗಿ ನೋಂದಣಿ; 14 ಅಂಕಿಯ ‘ಆಭಾ’ ಸಂಖ್ಯೆ ಜೋಡಣೆ.
* ಕೋಡಿಂಗ್: ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯಂತೆ ಕಾಯಿಲೆಗೆ ಸಂಕೇತ ಹಾಕುವುದು. ಐಸಿಡಿ–10ರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ ‘ಇ11’.
* ಜನನ–ಮರಣ: ರಾಜ್ಯದ ‘ಇ–ಜನ್ಮ’ ವ್ಯವಸ್ಥೆ, ಆಸ್ಪತ್ರೆಯಲ್ಲಿ ಸಾವಾದರೆ ಕಾರಣ ತಿಳಿಸುವ ನಮೂನೆ 4.
* ಯೋಜನೆಗಳ ಕಡತ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗೆ ಬೇಕಾದ ದಾಖಲೆ ಹೊಂದಿಸುವುದು.
* ಎಂಎಲ್‌ಸಿ: ಅಪಘಾತ, ಹೊಡೆದಾಟದ ಪ್ರಕರಣಗಳ ದಾಖಲೆ. ಹೆದ್ದಾರಿ ಪಕ್ಕದ ಹರಿಹರದಲ್ಲಿ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಪೊಲೀಸರಿಗೂ ಕೋರ್ಟಿಗೂ ಈ ಹಾಳೆಗಳೇ ಬೇಕು.

ಇನ್ನೊಂದು ಪಾಠ, ಗುಟ್ಟು ಕಾಯುವುದು. ಊರು ಚಿಕ್ಕದು, ಪಟ್ಟಿಯಲ್ಲಿ ಪಕ್ಕದ ಮನೆಯವರ ಹೆಸರೂ ಬರುತ್ತೆ. ಕೇಸ್ ಶೀಟ್ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಒಬ್ಬರ ಮದುವೆ, ಮತ್ತೊಬ್ಬರ ವ್ಯಾಪಾರ ಹಾಳಾದೀತು. ಎಚ್‌ಐವಿ ಸ್ಥಿತಿ ಬಯಲು ಮಾಡುವುದನ್ನು 2017ರ ಕಾಯ್ದೆಯೇ ನಿರ್ಬಂಧಿಸಿದೆ.

ಯಾವ ಕೋರ್ಸ್?

ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್ ಅಡಿ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ ಇದೆ. 2021ರ ಸಹಾಯಕ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯ್ದೆ ಈ ಕೆಲಸವನ್ನು ಪ್ರತ್ಯೇಕ ವೃತ್ತಿಯಾಗಿ ಪಟ್ಟಿ ಮಾಡಿದೆ. ಅದರ ಪ್ರಕಾರ ಡಿಪ್ಲೊಮಾ ಮಟ್ಟದ ಓದು ಕನಿಷ್ಠ 2,000 ಗಂಟೆ, ಪದವಿ ಮಟ್ಟದ್ದು 3,600 ಗಂಟೆ ಇರಬೇಕು. ‘ಮೂರು ತಿಂಗಳ ಕೋರ್ಸ್, ಸರ್ಕಾರಿ ಕೆಲಸ ಗ್ಯಾರಂಟಿ’ ಅನ್ನೋ ಬೋರ್ಡ್ ಕಂಡರೆ ಈ ಲೆಕ್ಕ ನೆನಪಿರಲಿ.

ದುಡ್ಡು ಕಟ್ಟುವ ಮುನ್ನ

1. ಕಾಲೇಜಿಗೆ ಆ ಕೋರ್ಸ್‌ಗೇ ಮಾನ್ಯತೆ ಇದೆಯಾ ಅಂತ ಬೋರ್ಡ್ ಅಥವಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನೋಡಿ. ಒಂದು ಕೋರ್ಸ್‌ಗೆ ಸಿಕ್ಕ ಮಾನ್ಯತೆ ಇನ್ನೊಂದಕ್ಕೆ ನಡೆಯಲ್ಲ.
2. ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ಅಂತ ಬರವಣಿಗೆಯಲ್ಲಿ ಕೇಳಿ. ಆಸ್ಪತ್ರೆ ಮುಖ್ಯಸ್ಥರ ಅನುಮತಿ ಇಲ್ಲದೆ ರೋಗಿಗಳ ದಾಖಲೆ ಮುಟ್ಟುವಂತಿಲ್ಲ.
3. ಮುಗಿದ ಮೇಲೆ ಹಾಜರಾತಿ, ಮಾಡಿದ ಕೆಲಸದ ವಿವರ ಇರುವ ಪ್ರಮಾಣಪತ್ರಕ್ಕೆ ಸಹಿ, ಸೀಲ್ ಹಾಕಿಸಿಕೊಳ್ಳಿ.
4. ಇಂಟರ್ನ್‌ಶಿಪ್ ಅಂದ್ರೆ ನೌಕರಿ ಅಲ್ಲ. ಕಾಯಂ ಹುದ್ದೆಗೆ ಅಧಿಸೂಚನೆ, ವಿದ್ಯಾರ್ಹತೆ, ಮೀಸಲಾತಿ ನಿಯಮದಂತೆಯೇ ಆಯ್ಕೆ. ಡೇಟಾ ಎಂಟ್ರಿಯಂಥ ಕೆಲಸಗಳು ಗುತ್ತಿಗೆ, ಹೊರಗುತ್ತಿಗೆಯಲ್ಲೂ ಇರುತ್ತವೆ. ‘ಕೆಲಸ ಕೊಡಿಸ್ತೀನಿ’ ಅನ್ನುವವರ ಕೈಗೆ ಹಣ ಕೊಡಬೇಡಿ.

ರೋಗಿಗಳಿಗೂ ಗೊತ್ತಿರಲಿ

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಡಿಸ್ಚಾರ್ಜ್ ದಿನವೇ ಹೆಸರು, ವಯಸ್ಸು, ವಿಳಾಸ ಓದಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಆಮೇಲೆ ಅಂಗಡಿ ಬಾಗಿಲು ಹಾಕಿ ಅಲೆಯುವುದು ತಪ್ಪುತ್ತೆ.